ಯಂಗ್ರಾನಳ ಪ್ರಾಣಿ ಕಾಲಂ

ತೊಂಗ್ಯಂಗ್ ಬಂದರಿನ ಮೇಲಿನ ಗುಡ್ಡದಲ್ಲಿರುವ ನಮ್ಮ ಆಸ್ಪತ್ರೆಗೆ ಯಾರಾದರೂ ದೊಡ್ಡ ಮನುಷ್ಯರು ಬಂದರೆ ಅವರನ್ನು ಹೊಸ ಸ್ಕ್ಯಾನಿಂಗ್ ಯಂತ್ರದ ಮುಂದೆ ನಿಲ್ಲಿಸಿ ಫೋಟೊ ತೆಗೆಸುತ್ತಿದ್ದರು. ನೆಲಮಾಳಿಗೆಗೆ ಮಾತ್ರ ಯಾರನ್ನೂ ಕರೆದುಕೊಂಡು ಹೋಗುತ್ತಿರಲಿಲ್ಲ. ಅಲ್ಲಿ ಒಂದು ಕಡೆ ಸತ್ತವರಿಗೆ ಕೊನೆಯ ನಮಸ್ಕಾರ ಹೇಳುವ ಹಾಲ್, ಅದರ ಪಕ್ಕದ ಬಾಗಿಲೇ ಕಂಪ್ಯೂಟರ್ ಕೋಣೆ. ಸಾವಿಗೆ ಬಂದವರಿಗೆ ಬಡಿಸುವ ಖಾರದ ಸಾರಿನ ವಾಸನೆ ಗೋಡೆ ದಾಟಿ ಬರುತ್ತಿತ್ತು. ತಾಕ್ ಯಂಗ್ರಾನ್ ತನ್ನ ಕೆಲಸದ ಬಹುಪಾಲು ವರ್ಷಗಳನ್ನು ಆ ವಾಸನೆಯಲ್ಲೇ ಕಳೆದಳು. ಅದರಿಂದಾಗಿ ಮಧ್ಯಾಹ್ನ ಊಟವೇ ಸೇರುವುದಿಲ್ಲ ಎಂದು ದಿನವೂ ಗೊಣಗುತ್ತಿದ್ದಳು. ಗೊಣಗುತ್ತಲೇ ಎರಡು ಬಟ್ಟಲು ಅನ್ನ ಮುಗಿಸುತ್ತಿದ್ದಳು.

ನಾನು ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ನರ್ಸ್ ಆಗಿ ಸೇರಿ, ವಾರ್ಡಿನ ಮುಖ್ಯ ನರ್ಸ್ ಆಗಿ ನಿವೃತ್ತಳಾದವಳು. ಯಾರನ್ನೂ ಸುಲಭಕ್ಕೆ ಹೊಗಳುವ ಅಭ್ಯಾಸ ನನಗಿಲ್ಲ. ನನ್ನ ಕೈಕೆಳಗೆ ಕೆಲಸ ಮಾಡಿದ ಹುಡುಗಿಯರನ್ನು ಕೇಳಿದರೆ ಬೇಕಾದಷ್ಟು ಸಾಕ್ಷಿ ಸಿಗುತ್ತದೆ. ಆದರೆ ಯಂಗ್ರಾನಳನ್ನು ಹೊಗಳದೆ ಇದ್ದರೆ ನನಗೆ ನಿದ್ದೆ ಬರುವುದಿಲ್ಲ. ಅವಳೋ, ಎದುರಿಗೆ ಹೊಗಳಿದರೆ ಎದ್ದು ಹೋಗುವ ಜಾತಿ. ಅದಕ್ಕೇ ಬರೆಯುತ್ತಿದ್ದೇನೆ.

ಅವಳು ಆಸ್ಪತ್ರೆಗೆ ಬಂದದ್ದು 1989ರಲ್ಲಿ, ಇಪ್ಪತ್ತೊಂದು ವರ್ಷದವಳಿದ್ದಾಗ. ಕಂಪ್ಯೂಟರ್ ಆಗಿನ್ನೂ ಬಂದಿರಲಿಲ್ಲ. ರೋಗಿಗಳ ಕಾಗದದ ಫೈಲುಗಳು ಒಂದು ಉದ್ದ ಕೋಣೆಯಲ್ಲಿ ಸೂರಿನವರೆಗೂ ತುಂಬಿದ್ದವು. ಡಾಕ್ಟರು ಕೇಳಿದ ಫೈಲನ್ನು ಹುಡುಕಿ, ಮೆಟ್ಟಿಲು ಹತ್ತಿ ಓಡಿಕೊಂಡು ತಂದುಕೊಡುವುದು ಅವಳ ಕೆಲಸ. ವರ್ಷಕ್ಕೆ ಎರಡು ಜೊತೆ ಕ್ಯಾನ್ವಾಸ್ ಬೂಟು ಸವೆಸುತ್ತಿದ್ದಳು. ಅವಳ ಕಾಲಿನ ಸದ್ದು ಕೇಳಿದರೆ ಸಾಕು, ಡಾಕ್ಟರುಗಳು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು.

ಎರಡು ವರ್ಷ ಕಳೆದ ಮೇಲೆ ಒಂದು ದಿನ ಯೊಕ್ಚಿ ದ್ವೀಪದಿಂದ ಒಮ್ ಗಿಬೊಂಗ್ ಎಂಬ ಮುದುಕ ಮೀನುಗಾರ ಕಾಲಿನ ಹುಣ್ಣಿಗೆಂದು ಬಂದ. ಯಂಗ್ರಾನ್ ಅವನ ಫೈಲು ತಂದಳು. ತೆಳ್ಳಗಿನ ಫೈಲು, ಒಳಗೆ ಎರಡೇ ಹಾಳೆ. ಅದರಲ್ಲಿ ಔಷಧಿಯ ಎಚ್ಚರಿಕೆ ಏನೂ ಇರಲಿಲ್ಲವಾದ್ದರಿಂದ ಪೆನಿಸಿಲಿನ್ ಕೊಟ್ಟರು. ಹತ್ತು ನಿಮಿಷದಲ್ಲಿ ಅವನ ಗಂಟಲು ಊದಿ ಉಸಿರು ನಿಲ್ಲುವಂತಾಯಿತು. ಆಮೇಲೆ ಹುಡುಕಿದಾಗ ಅದೇ ಹೆಸರಿನ ಇನ್ನೊಂದು ದಪ್ಪ ಫೈಲು ಸಿಕ್ಕಿತು. ಅದರ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಪೆನಿಸಿಲಿನ್ ಕೂಡದು ಎಂದು ಬರೆದಿತ್ತು. ಮುದುಕ ಒಂದು ಸಲ ಸರ್ಕಾರಿ ಕಾಗದದಲ್ಲಿರುವ ಹುಟ್ಟಿದ ದಿನ ಹೇಳಿದ್ದ, ಇನ್ನೊಂದು ಸಲ ಮನೆಯಲ್ಲಿ ಕಡಲಸೊಪ್ಪಿನ ಸಾರು ಕುಡಿದು ಆಚರಿಸುವ ಚಾಂದ್ರಮಾನದ ದಿನ ಹೇಳಿದ್ದ. ಒಬ್ಬನೇ ಮನುಷ್ಯ ಎರಡು ಫೈಲಾಗಿ ಹೋಗಿದ್ದ.

ಮೂರು ದಿನಕ್ಕೆ ಅವನು ಚೇತರಿಸಿಕೊಂಡ. ಯಂಗ್ರಾನಳನ್ನು ಯಾರೂ ಬೈಯಲಿಲ್ಲ. ಮುದುಕನೇ ಹದಿನೈದು ದಿನ ಬಿಟ್ಟು ಒಂದು ಪೆಟ್ಟಿಗೆ ಒಣ ಮೀನು ಹೊತ್ತುಕೊಂಡು ಬಂದು, "ತಪ್ಪು ತಾರೀಕು ಹೇಳಿ ನಿನ್ನ ಓಡಾಡಿಸಿಬಿಟ್ಟೆ ಮಗಳೇ" ಎಂದು ಅವಳ ಹತ್ತಿರ ಕ್ಷಮೆ ಕೇಳಿದ. ಬೈದಿದ್ದರೆ ಅವಳು ಮರೆತುಬಿಡುತ್ತಿದ್ದಳೋ ಏನೋ. ಕ್ಷಮೆ ಕೇಳಿದ್ದು ಅವಳ ಹೊಟ್ಟೆಯೊಳಗೆ ಕೂತುಬಿಟ್ಟಿತು. ಅವತ್ತು ಅವಳು ಅವನನ್ನು ಒಂದೇ ಒಂದು ಪ್ರಶ್ನೆ ಕೇಳಿದಳಂತೆ.

"ತಾತ, ನೀವು ಯಾವ ಪ್ರಾಣಿ?"

"ಹಂದಿ" ಎಂದು ಮುದುಕ ಥಟ್ಟನೆ ಹೇಳಿದ.

ನಮ್ಮಲ್ಲಿ ಒಂದೊಂದು ವರ್ಷಕ್ಕೆ ಒಂದೊಂದು ಪ್ರಾಣಿ, ಹುಟ್ಟಿದ ವರ್ಷದ್ದೇ ಆ ಮನುಷ್ಯನ ಪ್ರಾಣಿ. ಹನ್ನೆರಡು ವರ್ಷಕ್ಕೆ ಅದೇ ಪ್ರಾಣಿ ಮತ್ತೆ ಬರುತ್ತದೆ. ಹುಟ್ಟಿದ ದಿನವನ್ನು ನಮ್ಮ ಮುದುಕರು ಎರಡು ಮೂರು ಥರ ಹೇಳುತ್ತಾರೆ. ಕೂಸು ಉಳಿಯುತ್ತದೋ ಇಲ್ಲವೋ ಎಂದು ಕಾದು, ಒಂದೆರಡು ವರ್ಷ ತಡವಾಗಿ ಕಚೇರಿಯಲ್ಲಿ ಹೆಸರು ಬರೆಸಿದ ಕಾಲ ಅದು. ವಯಸ್ಸು ಕೇಳಿದರೂ ಹಾಗೆಯೇ, ಯಾವ ಲೆಕ್ಕದ ವಯಸ್ಸು ಎಂದು ತಿರುಗಿ ಕೇಳುತ್ತಾರೆ. ಪ್ರಾಣಿಯನ್ನು ಮಾತ್ರ ಯಾರೂ ಬದಲಿಸಿ ಹೇಳುವುದಿಲ್ಲ. ಹಂದಿ, ನಾಯಿ, ಇಲಿ ಎಂದು ಹೇಳಿಕೊಳ್ಳಲು ಯಾರೂ ನಾಚುವುದೂ ಇಲ್ಲ. ಅವತ್ತಿನಿಂದ ಯಂಗ್ರಾನ್ ತಾನು ಮುಟ್ಟಿದ ಪ್ರತಿ ಫೈಲಿನ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಒಂದು ಪ್ರಾಣಿಯ ಹೆಸರು ಬರೆಯತೊಡಗಿದಳು.

1997ರಲ್ಲಿ ಕಂಪ್ಯೂಟರ್ ಬಂತು. ಫೈಲು ಹೊರುವವರಿಗೆಲ್ಲ ಕೆಲಸ ಹೋಗುತ್ತದೆ ಎಂದುಕೊಂಡೆವು. ಯಂಗ್ರಾನ್ ಸಂಜೆ ತರಗತಿಗೆ ಹೋಗಿ ಕಲಿತು, ನೆಲಮಾಳಿಗೆಯ ಹೊಸ ಕೋಣೆಯಲ್ಲಿ ಮೊದಲ ದಿನವೇ ಕುರ್ಚಿ ಹಿಡಿದಳು. ಪ್ರೋಗ್ರಾಂ ಬರೆಯಲು ಬಂದಿದ್ದ ಇಂಜಿನಿಯರನ್ನು ಪೇಟೆಗೆ ಕರೆದುಕೊಂಡು ಹೋಗಿ ಕಡಲ ಸಿಂಪಿ ಹಾಕಿದ ಬಿಸಿ ಗಂಜಿ ಕುಡಿಸಿ, ನೋಂದಣಿಯ ಸ್ಕ್ರೀನಿನಲ್ಲಿ ಪ್ರಾಣಿಗೆಂದು ಒಂದು ಸಣ್ಣ ಕಾಲಂ ಹೆಚ್ಚಿಗೆ ಮಾಡಿಸಿಕೊಂಡಳು. ರೋಗಿ ಬಂದಾಗಲೆಲ್ಲ ಹೊಸದಾಗಿ ಕೇಳಿ ತುಂಬಬೇಕು, ಹಳೆಯದೂ ಹಾಗೇ ಉಳಿಯಬೇಕು ಎಂಬುದು ಅವಳ ಷರತ್ತು.

ಆ ಇಂಜಿನಿಯರ್ ಒಳ್ಳೆಯವನು. "ಹುಟ್ಟಿದ ತಾರೀಕು ಇದ್ದೇ ಇರುತ್ತಲ್ಲ ಮೇಡಂ, ಪ್ರಾಣಿ ಯಾವುದು ಅಂತ ಕಂಪ್ಯೂಟರೇ ಲೆಕ್ಕ ಹಾಕಿ ತುಂಬುತ್ತೆ. ಕೇಳೋ ಕೆಲಸ ಉಳಿಯುತ್ತೆ" ಎಂದನಂತೆ.

"ಬೇಡಪ್ಪ" ಎಂದಳಂತೆ ಇವಳು. "ಅದೇ ತುಂಬ್ಕೊಂಡ್ರೆ ಅದು ತನಗೆ ಗೊತ್ತಿರೋದನ್ನೇ ಮತ್ತೊಂದ್ಸಲ ಹೇಳ್ದಂಗೆ. ನಂಗೆ ಅವರ ಬಾಯಿಂದ ಬರ್ಬೇಕು."

ನಾವೆಲ್ಲ ನಕ್ಕೆವು. ನೋಂದಣಿ ಕೌಂಟರಿನ ಹುಡುಗಿಯರು ಊಟದ ಹೊತ್ತಿಗೆ, ಇವತ್ತು ಎಷ್ಟು ಹುಲಿ ಬಂದವು, ಎಷ್ಟು ಹಾವು ಬಂದವು ಎಂದು ಲೆಕ್ಕ ಹೇಳಿ ಕಾಲೆಳೆಯುತ್ತಿದ್ದರು. ಆಸ್ಪತ್ರೆಗೆ ಪ್ರಾಣಿಸಂಗ್ರಹಾಲಯ ಎಂದು ಹೆಸರಿಟ್ಟವಳು ನಾನೇ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ, ಕಾಲಂ ಖಾಲಿ ಬಿಟ್ಟವರನ್ನು ಮಾತ್ರ ಬಿಡುತ್ತಿರಲಿಲ್ಲ. ಸಂಜೆ ಕೌಂಟರಿಗೆ ಬಂದು, "ಇವತ್ತು ಹನ್ನೊಂದು ಜನ ಪ್ರಾಣಿ ಇಲ್ದೆ ಹೋಗಿದಾರೆ" ಎಂದು ಚೀಟಿ ಇಟ್ಟು ಹೋಗುತ್ತಿದ್ದಳು.

ಅವಳ ನಿಷ್ಠುರ ಎಂಥದ್ದು ಎಂದು ಹೇಳಬೇಕಾದರೆ ನನ್ನ ಮಾನ ನಾನೇ ಕಳೆದುಕೊಳ್ಳಬೇಕಾಗುತ್ತದೆ. ಆಗಲಿ. 2012ರಲ್ಲಿ ನನ್ನ ಮಗನಿಗೆ ಹೆಣ್ಣು ನೋಡುತ್ತಿದ್ದೆವು. ಹುಡುಗಿ ಇದೇ ಊರಿನವಳು, ಒಮ್ಮೆ ನಮ್ಮ ಆಸ್ಪತ್ರೆಯಲ್ಲೇ ರೋಗಿಯಾಗಿ ಇದ್ದವಳು. ನಾನು ವಾರ್ಡಿನ ಕಂಪ್ಯೂಟರಿನಲ್ಲಿ ಅವಳ ಹೆಸರು ಹೊಡೆದು ನೋಡಿದೆ. ಮಾರನೆಯ ದಿನ ಯಂಗ್ರಾನ್, ಯಾರು ಯಾರ ಫೈಲು ತೆರೆದರೆಂದು ಕಂಪ್ಯೂಟರ್ ಬರೆದಿಟ್ಟ ಹಾಳೆ ಹಿಡಿದುಕೊಂಡು ಬಂದು ನಿಂತಳು.

"ಅಕ್ಕ, ಈ ಹುಡುಗಿ ನಿಮ್ಮ ವಾರ್ಡಿನೋಳಲ್ಲ. ನಿನ್ನೆ ಹನ್ನೊಂದೂ ಹತ್ತಕ್ಕೆ ನಾಲ್ಕು ನಿಮಿಷ ನೋಡಿದೀರಿ."

"ಮೆತ್ತಗೆ ಮಾತಾಡೇ. ನನ್ನ ಸೊಸೆ ಆಗೋಳು ಕಣೇ ಅವಳು."

"ಇನ್ನೂ ಆಗಿಲ್ಲ. ಆದ್ಮೇಲೂ ನೋಡೋ ಹಾಗಿಲ್ಲ."

ಜೊತೆಯಲ್ಲಿ ಇಪ್ಪತ್ತು ವರ್ಷ ಊಟ ಮಾಡಿದವಳು ಎಂದು ಕೂಡ ನೋಡದೆ ಮೇಲಿನವರಿಗೆ ಬರೆದು ಕಳಿಸಿದಳು. ನನಗೆ ಎಚ್ಚರಿಕೆಯ ಪತ್ರ ಬಂತು. ಆರು ತಿಂಗಳು ನಾನು ಅವಳ ಹತ್ತಿರ ಮಾತು ಬಿಟ್ಟಿದ್ದೆ. ಆ ಹುಡುಗಿ ಈಗ ನನ್ನ ಸೊಸೆ. ಈ ವಿಷಯ ಅವಳಿಗೆ ಗೊತ್ತಾಗುವುದು ಇದನ್ನು ಓದಿದಾಗಲೇ.

2023ರ ಫೆಬ್ರವರಿಯಲ್ಲಿ ನಮ್ಮ ಆಸ್ಪತ್ರೆಯನ್ನು ಸುತ್ತಲಿನ ಐದು ಆಸ್ಪತ್ರೆಗಳ ಜೊತೆ ಒಂದೇ ನೆಟ್‌ವರ್ಕಿಗೆ ಸೇರಿಸುವುದೆಂದು ತೀರ್ಮಾನವಾಯಿತು. ಇಲ್ಲಿ ತೆಗೆದ ಎಕ್ಸ್‌ರೇ ಚಿಂಜು ನಗರದಲ್ಲಿ ಕೂತ ಡಾಕ್ಟರಿಗೆ ಕಾಣುತ್ತದೆ, ದ್ವೀಪದ ಮುದುಕಿ ಒಂದು ಚಿತ್ರಕ್ಕಾಗಿ ದೋಣಿ ಹತ್ತಬೇಕಾಗಿಲ್ಲ. ಒಳ್ಳೆಯ ಕೆಲಸವೇ. ಅದನ್ನು ಮಾಡಿಸಲು ರಾಜಧಾನಿ ಸೋಲ್‌ನಿಂದ ನಾಮ್‌ಗುಂಗ್ ಎಂಬ ಕಂಪ್ಯೂಟರ್ ತಂಡದ ಮುಖ್ಯಸ್ಥ ಬಂದ. ಬುದ್ಧಿವಂತ, ಮರ್ಯಾದಸ್ಥ, ಯಾವಾಗಲೂ ಕಾಫಿ ಲೋಟ ಕೈಯಲ್ಲಿರುವವನು. ಹಳೆಯ ಸ್ಕ್ರೀನನ್ನು ನೋಡುತ್ತ ಅವನ ಬೆರಳು ಪ್ರಾಣಿ ಕಾಲಮ್ಮಿನ ಮೇಲೆ ನಿಂತಿತು.

"ತಾಕ್ ಮೇಡಂ, ಇದು ಆಸ್ಪತ್ರೆನೋ ಭವಿಷ್ಯ ಹೇಳೋ ಅಂಗಡಿನೋ?"

"ಇಪ್ಪತ್ತಾರು ವರ್ಷದಿಂದ ತುಂಬ್ತಾ ಇದೀವಿ."

"ಒಂದ್ಸಲಾನಾದ್ರೂ ಇದ್ರಿಂದ ಏನಾದ್ರೂ ಸಿಕ್ಕಿದ್ಯಾ? ಪ್ರತಿಯೊಬ್ಬರಿಗೂ ನಾಗರಿಕ ಸಂಖ್ಯೆ ಇದೆ. ಹದಿಮೂರು ಅಂಕಿ. ಸಂಖ್ಯೆ ಒಂದೇ ಆದ್ರೆ ಮನುಷ್ಯ ಒಬ್ಬನೇ."

ಕಂಪ್ಯೂಟರಿನಲ್ಲಿ ಆ ಸಂಖ್ಯೆ ತುಂಬತೊಡಗಿದ ಮೇಲೆ ಒಬ್ಬರಿಗೆ ಎರಡು ಫೈಲಾಗುವುದು ನಿಂತೇಹೋಗಿತ್ತು, ಅದು ನಿಜ. ಕಾಲಂ ತೆಗೆಯುವುದೆಂದು ಗೊತ್ತಾಯಿತು. ಅವಳು ಒಂದೇ ಒಂದು ಸಹಾಯ ಕೇಳಿದಳು. ಅಳಿಸುವ ಮೊದಲು ಆ ಕಾಲಂ ಒಂದನ್ನೇ ಇಟ್ಟುಕೊಂಡು ಎಲ್ಲ ರೋಗಿಗಳನ್ನೂ ಒಮ್ಮೆ ಜಾಲಾಡುತ್ತೇನೆ, ಒಂದೇ ಸಂಖ್ಯೆಯವರು ಬೇರೆ ಬೇರೆ ಸಲ ಬೇರೆ ಬೇರೆ ಪ್ರಾಣಿ ಹೇಳಿದ್ದಾರಾ ನೋಡುತ್ತೇನೆ ಎಂದಳು. ಶುಕ್ರವಾರ ಸಂಜೆ ಆರಕ್ಕೆ ಹಳೆಯ ವ್ಯವಸ್ಥೆ ಮುಚ್ಚುತ್ತದೆ, ಮಧ್ಯಾಹ್ನದೊಳಗೆ ಮುಗಿಸಿ ಎಂದ ನಾಮ್‌ಗುಂಗ್.

ನಲವತ್ಮೂರು ಹೆಸರು ಬಂದವು. ಹೆಚ್ಚಿನವು ಕೌಂಟರಿನಲ್ಲಿ ಬೆರಳು ತಪ್ಪಿದ್ದು. ಕೆಲವರು ವರ್ಷದ ಕೊನೆಯಲ್ಲಿ ಹುಟ್ಟಿ ಎರಡು ಪ್ರಾಣಿಗಳ ನಡುವೆ ಸಿಕ್ಕಿಕೊಂಡವರು. ಯಂಗ್ರಾನ್ ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಫೋನ್ ಮಾಡುತ್ತ ಕೂತಳು. ಇಪ್ಪತ್ತೇಳನೆಯ ಹೆಸರು ಛೊನ್ ಪಿಲ್ಸುನ್. ಮೂರು ಸಲ ಹೊಡೆದರೂ ಅವಳು ಫೋನ್ ಎತ್ತಲಿಲ್ಲ.

ಯಾಕೆ ಎತ್ತಲಿಲ್ಲ ಎಂದು ನನಗೆ ಗೊತ್ತು. ಆ ಫೋನ್ ಹೊಡೆದುಕೊಂಡದ್ದು ನನ್ನ ವಾರ್ಡಿನಲ್ಲಿ, ಕಿಟಕಿ ಪಕ್ಕದ ಹಾಸಿಗೆಯ ಮೇಲಿದ್ದ ಕೈಚೀಲದಲ್ಲಿ. ಪಿಲ್ಸುನಮ್ಮನಿಗೆ ಅರವತ್ತೊಂಬತ್ತು. ಚಿಪ್ಪಿನಿಂದ ಸಿಂಪಿ ಬಿಡಿಸುವ ಶೆಡ್ಡಿನಲ್ಲಿ ನಲವತ್ತು ವರ್ಷ ನಿಂತು ದುಡಿದವಳು. ಮಂಗಳವಾರ ಚಿಪ್ಪಿನ ರಾಶಿಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಬಂದಿದ್ದಳು. ಶುಕ್ರವಾರ ಮಧ್ಯಾಹ್ನ ಒಂದೂವರೆಗೆ ಆಪರೇಷನ್.

"ಫೋನ್ ಎತ್ತಲ್ವಾ ಅಮ್ಮ?" ಎಂದೆ.

"ಬಿಡಿ ಸಿಸ್ಟರ್. ಯಾರೋ ಇನ್ಶೂರೆನ್ಸ್ ಮಾರೋರು. ಮೂಳೆ ಮುರಿದಿರೋ ವಾಸ್ನೆ ಹತ್ತಿರುತ್ತೆ ಅವರಿಗೆ."

ಪಕ್ಕದ ತಗ್ಗು ಬೆಂಚಿನ ಮೇಲೆ ಅವಳ ತಂಗಿ ಬುನ್ರೆ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಅಕ್ಕನಿಗಿಂತ ಮೂರು ವರ್ಷ ಚಿಕ್ಕವಳು, ಅದೇ ಶೆಡ್ಡಿನವಳು. ಇಬ್ಬರಿಗೂ ಬಗ್ಗಿದ ಒಂದೇ ಥರದ ಭುಜ, ಒಂದೇ ಪಾರ್ಲರಿನಲ್ಲಿ ಮಾಡಿಸಿದ ಗುಂಗುರು ಕೂದಲು. ಹಿಂದಿನಿಂದ ನೋಡಿದರೆ ಯಾರು ಯಾರೆಂದು ಹೇಳಲು ಬರುತ್ತಿರಲಿಲ್ಲ.

ಭರ್ತಿಯಾದ ದಿನ ಪಿಲ್ಸುನಮ್ಮನನ್ನು ನಾನೇ ಕೇಳಿದ್ದೆ, ಯಾವುದಾದರೂ ಔಷಧಿ ಮೈಗೆ ಆಗುವುದಿಲ್ಲವಾ ಎಂದು. "ಕಲ್ಲು ತಿಂದ್ರೂ ಅರಗುತ್ತೆ ನಂಗೆ" ಎಂದಿದ್ದಳು. ಸ್ಕ್ರೀನೂ ಅದನ್ನೇ ಹೇಳುತ್ತಿತ್ತು. 1998ರಲ್ಲಿ ಒಂದು ಆಂಟಿಬಯೋಟಿಕ್ ಇಂಜೆಕ್ಷನ್‌ಗೆ ಮೈ ಊದಿತ್ತು, ಆದರೆ 2013ರಲ್ಲಿ ನ್ಯುಮೋನಿಯಾಕ್ಕೆ, ಮೊದಲು ಚರ್ಮಕ್ಕೆ ಚುಚ್ಚಿ ಪರೀಕ್ಷಿಸಿ, ಅದನ್ನೇ ಏಳು ದಿನ ಕೊಟ್ಟಾಗ ಏನೂ ಆಗಿರಲಿಲ್ಲ. ಹಾಗಾಗಿ ಕೆಂಪು ಗುರುತನ್ನು ತೆಗೆದಿದ್ದರು. ಆಪರೇಷನ್ನಿಗೆ ಅರ್ಧ ಗಂಟೆ ಮೊದಲು, ಒಂದು ಗಂಟೆಗೆ ಸರಿಯಾಗಿ, ಅದೇ ಇಂಜೆಕ್ಷನ್ ಹಾಕಬೇಕಿತ್ತು. ಟ್ರೇಯಲ್ಲಿ ತಯಾರಿಟ್ಟಿದ್ದೆ.

ಹನ್ನೆರಡೂ ಇಪ್ಪತ್ತಕ್ಕೆ ಯಂಗ್ರಾನ್ ಮೆಟ್ಟಿಲು ಹತ್ತಿ ಓಡಿ ಬಂದಳು. ಲಿಫ್ಟಿಗೆ ಕಾಯಲಿಲ್ಲ. ಐವತ್ತೈದು ವರ್ಷದವಳು ಹಳೆಯ ಕಾಲದ ಹಾಗೆ ಫೈಲು ಹಿಡಿದು ಓಡಿ ಬಂದದ್ದನ್ನು ನೋಡಿ ನನಗೆ ನಗು ಬಂತು.

"ಅಕ್ಕ, ಪಿಲ್ಸುನಮ್ಮಂಗೆ ಇಂಜೆಕ್ಷನ್ ಹಾಕಿದ್ರಾ?"

"ಒಂದು ಗಂಟೆಗೆ."

"ಹಾಕ್ಬೇಡಿ. ಈ ಫೈಲಲ್ಲಿ ಇಬ್ರು ಇದಾರೆ."

"ನಿನ್ನ ಪ್ರಾಣಿ ಪಕ್ಷಿ ನಂಬ್ಕೊಂಡು ಆಪರೇಷನ್ ನಿಲ್ಸಕ್ಕಾಗುತ್ತೇನೆ? ಡಾಕ್ಟರ್ ನನ್ನ ಸುಮ್ನೆ ಬಿಡ್ತಾರಾ?"

ಅವಳು ಹಾಳೆಯನ್ನು ನನ್ನ ಮುಂದಿಟ್ಟಳು. 1998, ಇಂಜೆಕ್ಷನ್‌ಗೆ ಮೈ ಊದಿದ್ದು: ಕುದುರೆ. 2007, ಕೈಗೆ ಹೊಲಿಗೆ: ಕೋಳಿ. 2013, ನ್ಯುಮೋನಿಯಾ: ಕೋಳಿ. 2016, ಹೊಟ್ಟೆಯ ಪರೀಕ್ಷೆ: ಕುದುರೆ. ಮೊನ್ನೆ ಮಂಗಳವಾರ: ಕುದುರೆ. ಮೈ ಊದಿದವಳು ಒಬ್ಬಳು, ಏನೂ ಆಗದವಳು ಇನ್ನೊಬ್ಬಳು. ಈಗ ನನ್ನ ವಾರ್ಡಿನಲ್ಲಿ ಮಲಗಿದ್ದವಳು ಮೈ ಊದಿದವಳು. ಟ್ರೇಯನ್ನು ತೆಗೆದು ಬೀರುವಿನೊಳಗಿಟ್ಟು ಬೀಗ ಹಾಕಿದೆ.

ಮೂಳೆ ಡಾಕ್ಟರ್ ಬಾನ್ ಬಂದು ಹಾಳೆ ನೋಡಿದರು. ಅವರು ನಗಲಿಲ್ಲ.

"ಇಂಜೆಕ್ಷನ್ ಬೇರೆ ಕೊಡಬಹುದು, ಅದು ದೊಡ್ಡದಲ್ಲ" ಎಂದರು. "ಆದ್ರೆ ಇದ್ರಲ್ಲಿ ಇನ್ನೇನೇನು ಆಯಮ್ಮಂದಲ್ಲ? ರಕ್ತ ತೆಳುಮಾಡೋ ಮಾತ್ರೆ ತಗೊಳ್ತಿದ್ರು ಅಂತ ಬರೆದಿದೆ, ಅದು ಯಾರು? ಹೃದಯದ ಪರೀಕ್ಷೆ ಯಾರ್ದು? ಯಾರ ಫೈಲು ಅಂತ ಗೊತ್ತಾಗೋವರೆಗೂ ನಾನು ಕತ್ತಿ ಮುಟ್ಟಲ್ಲ. ಮುಂದಕ್ಕೆ ಹಾಕೋಣ ಅಂದ್ರೆ ಅದೂ ಕಷ್ಟ. ಮೂರು ದಿನದಿಂದ ಅಂಗಾತ ಮಲಗಿದಾರೆ, ಎದೆಯಲ್ಲಿ ಕಫ ಕಟ್ತಾ ಇದೆ. ಇವತ್ತೇ ಆಗ್ಬೇಕು."

ಯಂಗ್ರಾನ್ ಪಿಲ್ಸುನಮ್ಮನ ಹಾಸಿಗೆಯ ಹತ್ತಿರ ಹೋಗಿ ಪರದೆ ಎಳೆದು, ತಗ್ಗು ಬೆಂಚಿನ ಮೇಲೆ ಬುನ್ರೆಯ ಪಕ್ಕ ಕೂತಳು. ನಾನು ಕಾಲಿನ ಕಡೆ ನಿಂತೆ.

"ಅಮ್ಮ, ನೀವು ಯಾವ ಪ್ರಾಣಿ?"

"ಬರ್ಕೊಂಡಿದೀರಲ್ಲ. ಕುದುರೆ."

"ಹತ್ತು ವರ್ಷದ ಹಿಂದೆ ನ್ಯುಮೋನಿಯಾ ಆಗಿ ಬಂದಿದ್ದು ನೀವೇನಾ?"

"ನಾನೇ. ಕಾಗದದಲ್ಲಿಲ್ವಾ?"

"ಆಗ ಕೋಳಿ ಅಂದಿದ್ರಿ."

"ಜ್ವರ ಬಂದಿತ್ತು. ಏನೋ ಬಡಬಡಿಸಿರ್ತೀನಿ."

"ಜ್ವರ ಬಂದ್ರೆ ಮನೆ ದಾರಿ ಮರೀಬಹುದು. ಪ್ರಾಣಿ ಮರೀತಾರಾ ಅಮ್ಮ?"

ಪಿಲ್ಸುನಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು.

"1998ರಲ್ಲಿ ಒಂದು ಇಂಜೆಕ್ಷನ್ ಕೊಟ್ಟಿದ್ರಲ್ಲ, ಆಗ ಏನಾಯ್ತು, ನೆನಪಿದ್ಯಾ?"

"ಇಲ್ಲ."

ಇಲ್ಲ ಎನ್ನುವಾಗ ಅವಳ ಕೈ ತಾನಾಗಿಯೇ ಗಂಟಲಿಗೆ ಹೋಯಿತು. ಯಂಗ್ರಾನ್ ಅದನ್ನು ನೋಡಿದಳು. ನಾನೂ ನೋಡಿದೆ.

"ಅದೇ ಇಂಜೆಕ್ಷನ್ನೇ ಇವತ್ತೂ ಬರ್ದಿರೋದು."

"ಕೊಡಿ ಮತ್ತೆ. ಯಾರು ಬೇಡ ಅಂದ್ರು?"

ಬುನ್ರೆಯ ಮಡಿಲಿನಿಂದ ಕಿತ್ತಳೆ ಹಣ್ಣು ನೆಲಕ್ಕೆ ಉರುಳಿತು.

"ಅಕ್ಕ, ನಿಂಗೆ ಆ ಸೂಜಿ ಆಗಲ್ವಾ? ನಂಗೆ ಹೇಳೇ ಇಲ್ವಲ್ಲ."

"ನೀನು ಸುಮ್ನೆ ಹಣ್ಣು ತಿನ್ನು."

"ಸಾಯ್ತೀಯೇನೇ?"

"ಸತ್ರೆ ಸಾಯ್ತೀನಿ. ಅರವತ್ತೊಂಬತ್ತಾಯ್ತು, ಇನ್ನೇನು ನಾನು ಕುಣೀಬೇಕಾ? ಬಾಯ್ಬಿಟ್ರೆ ನೀನು ಸಿಕ್ಕಿಹಾಕ್ಕೋತೀಯ. ನೀನಿರೋ ಜಾಗ ಗೊತ್ತಾದ್ರೆ ಅವನು ಬರ್ತಾನೆ."

ಆಗ ನನಗೆ ಅರ್ಥವಾಯಿತು. ಕಲ್ಲು ತಿಂದರೂ ಅರಗುತ್ತದೆ ಎಂದಾಗ ಅವಳು ಸುಳ್ಳು ಹೇಳಿದ್ದಳು, ಗೊತ್ತಿದ್ದೇ ಹೇಳಿದ್ದಳು. ಮೈಗಾಗದ ಔಷಧಿಯ ಹೆಸರು ಹೇಳಿದರೆ, ಹತ್ತು ವರ್ಷದ ಹಿಂದೆ ಅದನ್ನೇ ತೆಗೆದುಕೊಂಡವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಆ ಪ್ರಶ್ನೆ ಬರಬಾರದು ಎಂದು ಅವಳು ಸೂಜಿಗೆ ಕೈ ಚಾಚಲು ತಯಾರಾಗಿದ್ದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಬುನ್ರೆ ಹಣ್ಣನ್ನು ಎತ್ತಿಕೊಂಡು ಕಟ್ಟಿಕೊಂಡಿದ್ದ ಏಪ್ರನ್ನಿನಲ್ಲಿ ಒರೆಸಿದಳು. ಆಮೇಲೆ ನನ್ನನ್ನು ನೋಡಿದಳು.

"ಕೋಳಿ ನಾನೇ ಸಿಸ್ಟರ್. 2006ರಲ್ಲಿ ಪುಸಾನ್‌ನಿಂದ ಓಡಿ ಬಂದೆ. ಗಂಡನ ಕೈಯಲ್ಲಿ ಉಳೀತಿರ್ಲಿಲ್ಲ. ಇಲ್ಲಿ ಹೊಸ ವಿಳಾಸ ಬರೆಸಿದ್ರೆ ಗಂಡ ಅನ್ನೋನು ಕಚೇರಿಲಿ ಕಾಗದ ತೆಗೆಸಿ ನೋಡ್ತಾನೆ ಅಂದ್ರು. ಅದಕ್ಕೆ ನಾನು ಎಲ್ಲೂ ಬರೆಸಲೇ ಇಲ್ಲ. ಹುಷಾರಿಲ್ದಾಗ ಅಕ್ಕನ ಹೆಸರಲ್ಲಿ ಬರ್ತಿದ್ದೆ. ಅವಳ ನಂಬರ್ ಹದಿಮೂರು ಅಂಕಿ, ಹೊಲಿಗೆ ಹಾಕ್ತಿದ್ರೂ ತಪ್ಪಿಲ್ದೆ ಹೇಳ್ತಿದ್ದೆ. ಪ್ರಾಣಿ ಕೇಳ್ತಾರೆ ಅಂತ ಯಾರೂ ಹೇಳಿರ್ಲಿಲ್ಲ. ಕೇಳಿದ್ರು, ಬಾಯಿಂದ ಬಂದ್ಬಿಡ್ತು."

"ಮುಚ್ಚೇ ಬಾಯಿ" ಎಂದು ಪಿಲ್ಸುನಮ್ಮ ಬೈದಳು. ಬೈಯುತ್ತಲೇ ತಂಗಿಯ ಕೈ ಹಿಡಿದುಕೊಂಡಳು.

ಮುಂದಿನ ಮುಕ್ಕಾಲು ಗಂಟೆ ಯಂಗ್ರಾನ್ ಮಾಡಿದ ಕೆಲಸವನ್ನು ಮೂವತ್ತು ವರ್ಷದಲ್ಲಿ ಬೇರೆ ಯಾರೂ ಮಾಡಿದ್ದನ್ನು ನಾನು ನೋಡಿಲ್ಲ. ನಾಮ್‌ಗುಂಗ್‌ನನ್ನು ಫೋನ್ ಮಾಡಿ ಕರೆಸಿ, ಲ್ಯಾಪ್‌ಟಾಪನ್ನು ಪಿಲ್ಸುನಮ್ಮನ ಊಟದ ಮೇಜಿನ ಮೇಲಿಟ್ಟು, ಇಪ್ಪತ್ತೈದು ವರ್ಷದ ಫೈಲನ್ನು ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಒಂದೊಂದೇ ಆರಿಸಿದಳು. ಈ ಹೊಲಿಗೆ ಯಾರದು? ನಂದು ಎಂದಳು ಬುನ್ರೆ, ಅಂಗೈಯ ಗಾಯದ ಗುರುತು ತೋರಿಸಿದಳು. ರಕ್ತ ತೆಳುಮಾಡುವ ಮಾತ್ರೆ? ಅದೂ ನಂದು. ಹೃದಯದ ಪರೀಕ್ಷೆ? ಅ‌ಕ್ಕಂದು, ನಾನೇ ಜೊತೆಗೆ ಬಂದಿದ್ದೆ. ಡಾಕ್ಟರ್ ಬಾನ್ ಪಕ್ಕದಲ್ಲಿ ನಿಂತು ಬರೆದುಕೊಂಡರು. ಇಬ್ಬರ ರಕ್ತವನ್ನೂ ಹೊಸದಾಗಿ ತೆಗೆದು ಕಳಿಸಿದೆ. ನಾಮ್‌ಗುಂಗ್ ಬಂದವನು ಕಾಫಿ ಲೋಟವನ್ನು ಕೆಳಗಿಟ್ಟು ಯಂಗ್ರಾನ್ ಹೇಳಿದ ಹಾಗೆ ಬೆರಳು ಆಡಿಸಿದ.

ಎರಡೂವರೆಗೆ ಪಿಲ್ಸುನಮ್ಮನನ್ನು ಬೇರೆ ಇಂಜೆಕ್ಷನ್ ಕೊಟ್ಟು ಒಳಗೆ ಕರೆದುಕೊಂಡು ಹೋದರು. ಹೋಗುವಾಗ ಅವಳು ತಂಗಿಗೆ, ಒಲೆಯ ಮೇಲಿಟ್ಟ ಸಾರು ಮೂರು ದಿನದ್ದು, ತಿನ್ನಬೇಡ, ಚೆಲ್ಲು ಎಂದು ಹೇಳಿದಳು.

ಆ ಕಾಲಂ ಹೊಸ ನೆಟ್‌ವರ್ಕಿಗೂ ಹೋಯಿತು. ಚಿಂಜುವಿನ ಕೌಂಟರಿನಲ್ಲೂ ಈಗ ಪ್ರಾಣಿ ಕೇಳುತ್ತಾರಂತೆ. ಇನ್ನೊಬ್ಬರ ಹೆಸರಿನಲ್ಲಿ ಔಷಧಿ ತೆಗೆದುಕೊಂಡಿದ್ದಕ್ಕೆ ವಿಮಾ ಕಚೇರಿಗೆ ವರದಿ ಹೋಗಲೇಬೇಕಿತ್ತು. ಅದನ್ನು ಯಂಗ್ರಾನಳೇ ಬರೆದಳು, ಒಂದು ಅಕ್ಷರವನ್ನೂ ಮುಚ್ಚಿಡಲಿಲ್ಲ, ಆದರೆ ಬುನ್ರೆ ಯಾಕೆ ಹೆದರಿದ್ದಳು ಎಂಬುದನ್ನು ಮೊದಲ ಸಾಲಿನಲ್ಲೇ ಬರೆದಳು. ಅವೆಲ್ಲ ಆಮೇಲಿನ ಮಾತು. ನಾನು ಹೇಳಬೇಕಾದದ್ದು ಅವತ್ತಿನ ಮಧ್ಯಾಹ್ನದ್ದು.

ಅಕ್ಕ ಒಳಗಿದ್ದಾಗ ಬುನ್ರೆ ಕಾರಿಡಾರಿನ ಕುರ್ಚಿಯಲ್ಲಿ ಕೂತಿದ್ದಳು. ಯಂಗ್ರಾನ್ ಲ್ಯಾಪ್‌ಟಾಪ್ ತಂದು ಪಕ್ಕದಲ್ಲಿ ಕೂತಳು.

"ಅಮ್ಮ, ನಿಮ್ಮ ಫೈಲು ಬೇರೆ ಮಾಡಿದೀನಿ. ಅದಕ್ಕೊಂದು ಹೆಸರು ಬೇಕು."

"ಹೆಸರು ಹಾಕಿದ್ರೆ ಅದು ಎಲ್ಲೆಲ್ಲಿಗೋ ಹೋಗುತ್ತಂತಲ್ಲ. ಆರು ಆಸ್ಪತ್ರೆಗೆ ಒಂದೇ ತಂತಿ ಅಂತ ಟಿವಿಲಿ ಹೇಳಿದ್ರು."

"ಹೋಗುತ್ತೆ. ಆದ್ರೆ ಯಾರು ಯಾವಾಗ ಎಷ್ಟು ಹೊತ್ತು ನೋಡಿದ್ರು ಅನ್ನೋದು ನಂಗೂ ಬಂದು ಬೀಳುತ್ತೆ. ಕೆಲಸ ಇಲ್ದೆ ನಿಮ್ಮ ಹೆಸರು ಮುಟ್ಟಿದ್ರೆ ಮಾರನೇ ದಿನ ನಾನು ಅವರ ಮುಂದೆ ನಿಂತಿರ್ತೀನಿ." ಅವಳು ನನ್ನ ಕಡೆ ಕೈ ತೋರಿಸಿದಳು. "ಬೇಕಾದ್ರೆ ಈ ಅಕ್ಕನ್ನ ಕೇಳಿ."

ಮುಖ ಬಿಸಿಯಾದರೂ ಹೇಳಿದೆ. "ನಿಲ್ತಾಳೆ. ಸ್ನೇಹ, ಗೀಹ, ಏನೂ ನೋಡಲ್ಲ ಇವಳು. ನಾನು ಅನುಭವಿಸಿದೀನಿ."

"ವಿಳಾಸದ ಕಾಗದ ಗಂಡನ ಕೈಗೆ ಸಿಗದ ಹಾಗೆ ಕಚೇರಿಲಿ ತಡೆ ಹಾಕಿಸ್ಬಹುದು" ಎಂದು ಯಂಗ್ರಾನ್ ಮುಂದುವರಿಸಿದಳು. "ನೀವು ಬಂದಾಗ ಆ ಕಾನೂನು ಇರ್ಲಿಲ್ಲ. ಈಗ ಇದೆ. ಸೋಮವಾರ ನಾನೇ ಜೊತೆಗೆ ಬರ್ತೀನಿ, ಬೆಳಿಗ್ಗೆ ಒಂಬತ್ತಕ್ಕೆ ಶೆಡ್ಡಿನ ಹತ್ರ ನಿಂತಿರಿ."

ಬುನ್ರೆ ಆಪರೇಷನ್ ಕೋಣೆಯ ಬಾಗಿಲನ್ನು ನೋಡಿದಳು.

"ಛೊನ್ ಬುನ್ರೆ" ಎಂದಳು. ಹೇಳಿದ್ದು ತನಗೇ ಕೇಳಿಸಲಿಲ್ಲವೇನೋ ಎಂಬಂತೆ ಮತ್ತೊಮ್ಮೆ ಸ್ವಲ್ಪ ಜೋರಾಗಿ ಹೇಳಿದಳು. ಯಂಗ್ರಾನ್ ಹೊಡೆದುಕೊಂಡಳು. ನಾಗರಿಕ ಸಂಖ್ಯೆ ಕೇಳಿದಾಗ ಅಕ್ಕನ ಸಂಖ್ಯೆಯೇ ಬಾಯಿಗೆ ಬಂತು. ನಿಲ್ಲಿಸಿ, ಕಣ್ಣು ಮುಚ್ಚಿ, ತನ್ನದನ್ನು ಒಂದೊಂದೇ ಅಂಕಿಯಾಗಿ ನೆನಪು ಮಾಡಿಕೊಂಡಳು. ಹದಿನೇಳು ವರ್ಷದಿಂದ ಯಾರಿಗೂ ಹೇಳದ ಸಂಖ್ಯೆ. ಎರಡು ಸಲ ತಪ್ಪಿತು. ಯಂಗ್ರಾನ್ ಅವಸರ ಮಾಡಲಿಲ್ಲ.

ಕೊನೆಗೆ ಪ್ರಾಣಿ ಕಾಲಂ ಬಂತು. ಯಂಗ್ರಾನ್ ಕೇಳುವ ಮೊದಲೇ ಬುನ್ರೆ, "ಕೋಳಿ" ಎಂದಳು.

ಯಂಗ್ರಾನ್ ಸ್ಕ್ರೀನನ್ನು ಅವಳ ಕಡೆ ತಿರುಗಿಸಿದಳು. ಹೆಸರಿನ ಕಾಲಂ, ಸಂಖ್ಯೆಯ ಕಾಲಂ ಎಲ್ಲ ಈಗಷ್ಟೇ ತುಂಬಿದವು. ಅಕ್ಕನ ಫೈಲಿನಿಂದ ಬಿಡಿಸಿ ತಂದ ಹಳೆಯ ಹಾಳೆಗಳ ಜೊತೆ ಕೋಳಿ ಎಂಬ ಅದೊಂದು ಮಾತ್ರ 2007ರ ತಾರೀಕಿನಲ್ಲಿ ಆಗಲೇ ಅಲ್ಲಿತ್ತು.

"ಇದು ನಮ್ಮ ಹತ್ರ ಮೊದಲೇ ಇದೆ ಅಮ್ಮ" ಎಂದಳು.

ಬುನ್ರೆ ಬೆರಳಿನಿಂದ ಆ ಅಕ್ಷರವನ್ನು ಮುಟ್ಟಿ ನೋಡಿದಳು. ಆಮೇಲೆ ಅಷ್ಟು ವರ್ಷದ ಅಳುವನ್ನೆಲ್ಲ ಅಲ್ಲೇ ಕೂತು ಅತ್ತಳು. ಯಂಗ್ರಾನ್ ಎದ್ದು ಹೋಗಲಿಲ್ಲ.